ಗುಳ್ಳೆಗಳ ಗುಟ್ಟು ಬಯಲು ಮಾಡಿದ ಪಾರ್ಸನ್ಸ್

ಹಬೆಯ ಒತ್ತಡ ಸಾಕಷ್ಟಿದೆ. ಯಂತ್ರದಲ್ಲಿ ದೋಷ ಕಾಣುವುದಿಲ್ಲ. ಪ್ರೊಪೆಲರ್ ಭರದಿಂದಲೇ ತಿರುಗುತ್ತಿದೆ. ಆದರೂ ದೋಣಿ ನಿರೀಕ್ಷಿಸಿದ ವೇಗದಲ್ಲಿ ಸಾಗುವುದಿಲ್ಲ. ಇಂಗ್ಲೆಂಡಿನ ಎಂಜಿನಿಯರ್ ಚಾರ್ಲ್ಸ್ ಪಾರ್ಸನ್ಸ್ ಅವರನ್ನು 1894ರಲ್ಲಿ ಕಾಡಿದ ಒಗಟು ಇದು. ಹಬೆ ಟರ್ಬೈನಿನಿಂದ ಹಡಗು ನಡೆಸಬಹುದೆಂಬ ಅವರ ನಂಬಿಕೆಯೇ ಅಂದು ಪಣಕ್ಕೆ ಬಿದ್ದಿತ್ತು.

ಪಾರ್ಸನ್ಸ್ ಜನಿಸಿದ್ದು 1854ರ ಜೂನ್ 13ರಂದು, ಲಂಡನ್ನಿನಲ್ಲಿ. ತಂದೆ ರಾಸ್‌ನ ಮೂರನೆಯ ಅರ್ಲ್. ಐರ್ಲೆಂಡಿನ ಬರ್ ಕೋಟೆಯಲ್ಲಿ ಅಂದಿನ ಜಗತ್ತಿನ ಅತಿ ದೊಡ್ಡ ದೂರದರ್ಶಕವನ್ನು ಕಟ್ಟಿದ ಖಗೋಳ ವಿಜ್ಞಾನಿ. ಬಾಲಕ ಶಾಲೆಗೆ ಹೋಗಲಿಲ್ಲ. ಮನೆಯಲ್ಲೇ ಪಾಠ, ತಂದೆಯ ಕಾರ್ಯಾಗಾರವೇ ಆಟದ ಬಯಲು. ಡಬ್ಲಿನ್ ಮತ್ತು ಕೇಂಬ್ರಿಜ್‌ಗಳಲ್ಲಿ ಗಣಿತ ಕಲಿತು 1877ರಲ್ಲಿ ಪದವಿ ಪಡೆದ ಬಳಿಕ, ಶ್ರೀಮಂತ ಮನೆತನದ ಈ ಯುವಕ ನ್ಯೂಕ್ಯಾಸಲ್‌ನ ಆರ್ಮ್‌ಸ್ಟ್ರಾಂಗ್ ಕಾರ್ಖಾನೆಗೆ ತರಬೇತಿಗೆಂದು ಸೇರಿದರು.

ಆ ಕಾಲದ ಹಬೆಯಂತ್ರಗಳಲ್ಲಿ ಪಿಸ್ಟನ್‌ಗಳು ಹಿಂದುಮುಂದಾಗಿ ಚಲಿಸುತ್ತಿದ್ದವು. ಹಬೆಯು ಸಾಲುಸಾಲಾದ ಅಲಗುಗಳ ಮೂಲಕ ಹಂತಹಂತವಾಗಿ ಹಿಗ್ಗುತ್ತಾ ಹೋದರೆ ನೇರವಾಗಿ ಚಕ್ರವನ್ನೇ ತಿರುಗಿಸಬಹುದೆಂದು ಪಾರ್ಸನ್ಸ್ ಯೋಚಿಸಿದರು. 1884ರಲ್ಲಿ ರೂಪುಗೊಂಡ ಅವರ ಮೊದಲ ಟರ್ಬೈನ್ ನಿಮಿಷಕ್ಕೆ 18,000 ಸುತ್ತು ತಿರುಗಿ ವಿದ್ಯುತ್ ಉತ್ಪಾದಿಸಿತು. ರಾಯಚೂರಿನ ಶಾಖೋತ್ಪನ್ನ ಕೇಂದ್ರ, ಕೈಗಾದ ಅಣುಸ್ಥಾವರಗಳಲ್ಲಿ ವಿದ್ಯುತ್ ಹುಟ್ಟುವುದೂ ಹಬೆ ಟರ್ಬೈನಿನಿಂದಲೇ. 1889ರಲ್ಲಿ ಪಾಲುದಾರರನ್ನು ತೊರೆದು ಸ್ವಂತ ಕಾರ್ಖಾನೆ ತೆರೆದಾಗ ತಮ್ಮದೇ ಪೇಟೆಂಟ್‌ಗಳ ಹಕ್ಕು ಅವರ ಕೈತಪ್ಪಿತು. ಅದು ಮರಳಿ ದಕ್ಕಲು ಸುಮಾರು ಐದು ವರ್ಷ ಹಿಡಿಯಿತು.

1894ರ ಆಗಸ್ಟ್‌ನಲ್ಲಿ 'ಟರ್ಬಿನಿಯಾ' ನೀರಿಗಿಳಿಯಿತು. ಉದ್ದ ಸುಮಾರು 32 ಮೀಟರ್, ಅಗಲ ಮೂರು ಮೀಟರಿಗೂ ಕಡಿಮೆ. ಒಂದು ಟರ್ಬೈನ್, ಒಂದು ಪ್ರೊಪೆಲರ್. ಆದರೆ ವೇಗ 20 ನಾಟ್ ಕೂಡ ದಾಟಲಿಲ್ಲ. ಪ್ರೊಪೆಲರ್‌ಗಳನ್ನು ಒಂದರ ಮೇಲೊಂದರಂತೆ ಬದಲಿಸಿದರೂ ಫಲ ಅಷ್ಟಕ್ಕಷ್ಟೇ.

ಯಂತ್ರವನ್ನು ದೂರುವ ಮೊದಲು ಪಾರ್ಸನ್ಸ್ ಅದರ ಶಕ್ತಿಯನ್ನು ಅಳೆಯಲು ನಿರ್ಧರಿಸಿದರು. ಟರ್ಬೈನಿನಿಂದ ಶಾಫ್ಟ್‌ಗೆ ಎಷ್ಟು ಬಲ ದಾಟುತ್ತಿದೆ ಎಂಬುದನ್ನು ತೋರಿಸುವ ಮಾಪಕವೊಂದನ್ನು ಅವರು ಅಳವಡಿಸಿದರು. ಟರ್ಬೈನ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಶಕ್ತಿ ಸೋರುತ್ತಿದ್ದುದು ನೀರಿನಲ್ಲಿ. ಪ್ರೊಪೆಲರ್ ಅತಿವೇಗದಲ್ಲಿ ತಿರುಗಿದಾಗ ಅಲಗಿನ ಹಿಂಬದಿಯಲ್ಲಿ ಒತ್ತಡ ಕುಸಿದು ನೀರು ಆವಿಯಾಗುತ್ತದೆ. ಈ ಪೊಳ್ಳುಗಳ ನಡುವೆ ತಿರುಗುವ ಅಲಗಿಗೆ ತಳ್ಳಲು ನೀರೇ ದಕ್ಕುವುದಿಲ್ಲ. ಕ್ಯಾವಿಟೇಶನ್ ಎಂಬ ಈ ತೊಂದರೆ ಬ್ರಿಟಿಷ್ ನೌಕಾಪಡೆಯ 'ಡೇರಿಂಗ್' ಹಡಗಿನಲ್ಲೂ ಕಾಣಿಸಿಕೊಂಡಿತ್ತು.

ನದಿಯ ನೀರಿನಡಿ ನಡೆಯುವುದನ್ನು ಕಣ್ಣಾರೆ ಕಾಣಲೆಂದು ಅವರು 1895ರಲ್ಲಿ ತಾಮ್ರದ ಪುಟ್ಟ ತೊಟ್ಟಿಯೊಂದನ್ನು ನಿರ್ಮಿಸಿದರು. ಅದರಲ್ಲಿ ತಿರುಗಿದ್ದು ಎರಡೇ ಅಂಗುಲದ ಪ್ರೊಪೆಲರ್. ಕಡಿಮೆ ವೇಗದಲ್ಲೇ ಗುಳ್ಳೆ ಏಳುವಂತೆ ನೀರನ್ನು ಬಿಸಿಮಾಡಿ, ತಿರುಗುವ ಕನ್ನಡಿಯಿಂದ ಬೆಳಕನ್ನು ಮಿಂಚಿಸಿದಾಗ ಅಲಗುಗಳು ನಿಂತಂತೆ ತೋರಿದವು. ಗುಳ್ಳೆಗಳು ಸ್ಪಷ್ಟವಾಗಿ ಕಂಡವು.

ರೋಗ ತಿಳಿದ ಮೇಲೆ ಮದ್ದು ಸಿಕ್ಕಿತು. ಒಂದು ಟರ್ಬೈನಿನ ಬದಲು ಮೂರು, ಮೂರು ಶಾಫ್ಟ್‌ಗಳು, ಪ್ರತಿಯೊಂದಕ್ಕೂ ಮೂರರಂತೆ ಒಟ್ಟು ಒಂಬತ್ತು ಪ್ರೊಪೆಲರ್‌ಗಳು. ಭಾರ ಹಂಚಿಹೋಯಿತು. ವೇಗ 34 ನಾಟ್, ಅಂದರೆ ಗಂಟೆಗೆ ಸುಮಾರು 63 ಕಿಲೋಮೀಟರ್ ದಾಟಿತು. 1897ರ ಜೂನ್ 26ರಂದು ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ನೌಕಾ ಪರಿಶೀಲನೆ ಸ್ಪಿಟ್‌ಹೆಡ್‌ನಲ್ಲಿ ನಡೆದಾಗ, ಸಾಲುಗಟ್ಟಿ ನಿಂತ ಯುದ್ಧನೌಕೆಗಳ ನಡುವೆ ಟರ್ಬಿನಿಯಾ ಬಾಣದಂತೆ ಓಡಿತು. ಕಾವಲು ದೋಣಿಗಳಿಗೆ ಅದನ್ನು ಹಿಡಿಯಲಾಗಲಿಲ್ಲ.

ಗೆಲುವಿನ ಹಾದಿ ಹೂವಿನದಾಗಿರಲಿಲ್ಲ. ನೌಕಾಪಡೆಯ ಮೊದಲ ಟರ್ಬೈನ್ ನೌಕೆಗಳಾದ 'ವೈಪರ್' ಮತ್ತು 'ಕೋಬ್ರಾ' ಎರಡೂ 1901ರಲ್ಲಿ ನಾಶವಾದವು. ವೈಪರ್ ಮಂಜಿನಲ್ಲಿ ಬಂಡೆಗೆ ಬಡಿಯಿತು. ಕೋಬ್ರಾ ಉತ್ತರ ಸಮುದ್ರದಲ್ಲಿ ಎರಡು ಹೋಳಾಗಿ 60ಕ್ಕೂ ಹೆಚ್ಚು ಜನರನ್ನು ಬಲಿ ಪಡೆಯಿತು. ಮಡಿದವರಲ್ಲಿ ಪಾರ್ಸನ್ಸ್ ಅವರ ಸಿಬ್ಬಂದಿಯೂ ಇದ್ದರು. ಈ ದುರಂತಗಳಿಗೆ ಟರ್ಬೈನ್ ಕಾರಣವಾಗಿರಲಿಲ್ಲ. ಮುಂದೆ 1906ರಲ್ಲಿ ಟರ್ಬೈನ್ ಹೊತ್ತ 'ಡ್ರೆಡ್‌ನಾಟ್' ಯುದ್ಧನೌಕೆ ಕಡಲಿಗಿಳಿಯಿತು. ಮರುವರ್ಷ ಪ್ರಯಾಣಿಕರ ಸೇವೆಗೆ ಬಂದ 'ಮಾರಿಟೇನಿಯಾ' ಅಟ್ಲಾಂಟಿಕ್ ದಾಟುವ ವೇಗದ ದಾಖಲೆಯನ್ನು 1929ರವರೆಗೂ ಉಳಿಸಿಕೊಂಡಿತು.

1911ರಲ್ಲಿ ಸರ್ ಪದವಿ, 1927ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಅವರನ್ನು ಅರಸಿ ಬಂದವು. ಒಬ್ಬನೇ ಮಗ ಮೊದಲ ಮಹಾಯುದ್ಧದಲ್ಲಿ ಮಡಿದ. ಪತ್ನಿ ಕ್ಯಾಥರೀನ್ ಹಾಗೂ ಮಗಳು ರೇಚಲ್ 1919ರಲ್ಲಿ ಮಹಿಳಾ ಎಂಜಿನಿಯರ್‌ಗಳ ಸಂಘದ ಸ್ಥಾಪಕರ ಸಾಲಿನಲ್ಲಿದ್ದರು. 1931ರ ಫೆಬ್ರುವರಿ 11ರಂದು ಜಮೈಕಾದ ಕಿಂಗ್‌ಸ್ಟನ್ ಬಂದರಿನಲ್ಲಿ ಪಾರ್ಸನ್ಸ್ ಕೊನೆಯುಸಿರೆಳೆದರು, ಅದೂ ಹಡಗಿನಲ್ಲೇ. ಟರ್ಬಿನಿಯಾ ಇಂದು ನ್ಯೂಕ್ಯಾಸಲ್‌ನ ಡಿಸ್ಕವರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ಯಾವಿಟೇಶನ್ ಪರೀಕ್ಷೆಗೆ ಪಾರ್ಸನ್ಸ್ ಹಾಕಿಕೊಟ್ಟ ತೊಟ್ಟಿಯ ವಿಧಾನವನ್ನೇ ಹಡಗು ನಿರ್ಮಾಣ ಕ್ಷೇತ್ರ ಈಗಲೂ ಅನುಸರಿಸುತ್ತಿದೆ.