ಅಜ್ಜಿ ಎಸೆತಕ್ಕೆ ನಾಚಿದ ದೈತ್ಯ

ಬಾಸ್ಕೆಟ್‌ಬಾಲ್‌ನಲ್ಲಿ ಫ್ರೀ ಥ್ರೋಗಿಂತ ಸುಲಭದ ಕೆಲಸ ಇನ್ನೊಂದಿಲ್ಲ ಅನ್ಸುತ್ತೆ. ಅಡ್ಡ ಬರೋರು ಯಾರೂ ಇಲ್ಲ. ಬೋರ್ಡಿಗೆ 15 ಅಡಿ ದೂರದ ಗೆರೆ, 10 ಅಡಿ ಎತ್ತರದಲ್ಲಿ ರಿಂಗು. ಸುಮ್ಮನೆ ನಿಂತು ಎಸೆದರಾಯ್ತು. ಆದರೆ ಈ ಆಟ ಕಂಡ ಅತಿ ಬಲಶಾಲಿಗಳಲ್ಲೊಬ್ಬ ಎಡವಿದ್ದು ಇಲ್ಲೇ. ಅದಕ್ಕಿಂತ ಬೇಜಾರಿನ ವಿಷಯ ಅಂದ್ರೆ, ಎಡವದೇ ಇರೋ ದಾರಿ ಅವನಿಗೆ ಗೊತ್ತಿತ್ತು.

ವಿಲ್ಟ್ ಚೇಂಬರ್ಲೇನ್ ಹುಟ್ಟಿದ್ದು 1936ರ ಆಗಸ್ಟ್ 21ರಂದು, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಬೆಳೆದು ನಿಂತಾಗ ಎತ್ತರ 7 ಅಡಿ 1 ಇಂಚು. ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಆಡಿದ. ಆಮೇಲೆ ಒಂದು ವರ್ಷ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡದ ಜೊತೆ ಊರೂರು ಸುತ್ತಿ, 1959ರಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್ ಸೇರಿ ಎನ್‌ಬಿಎಗೆ ಕಾಲಿಟ್ಟ. ಮೊದಲ ವರ್ಷವೇ ಅಂಕದಲ್ಲೂ ರಿಬೌಂಡಲ್ಲೂ ಲೀಗಿಗೇ ಮೊದಲಿಗ.

ಇಂಥವನನ್ನು ತಡೆಯೋದು ಹೇಗೆ? ಎದುರಾಳಿಗಳಿಗೆ ಉಳಿದಿದ್ದು ಒಂದೇ ಉಪಾಯ: ಫೌಲ್ ಮಾಡಿ ಫ್ರೀ ಥ್ರೋ ಗೆರೆಗೆ ಕಳಿಸೋದು. ಎರಡನೇ ವರ್ಷ ಅಲ್ಲಿ ಅವನು ಎಸೆದದ್ದರಲ್ಲಿ ಅರ್ಧದಷ್ಟು ಮಾತ್ರ ಒಳಗೆ ಬಿತ್ತು.

1961–62ರ ಸೀಸನ್ನಿನಲ್ಲಿ ವಿಲ್ಟ್ ಎಸೆತವನ್ನೇ ಬದಲಿಸಿದ. ಎರಡೂ ಕೈಯಲ್ಲಿ ಚೆಂಡು ಹಿಡಿದು, ಮೊಣಕಾಲು ಬಗ್ಗಿಸಿ, ಕಾಲುಗಳ ನಡುವಿನಿಂದ ಮೇಲಕ್ಕೆ ತೂರೋದು. ಅಮೆರಿಕದಲ್ಲಿ ಇದಕ್ಕೆ ಅಜ್ಜಿ ಎಸೆತ ಅಂತ ಗೇಲಿಯ ಹೆಸರು. ಮೆಕ್ಯಾನಿಕ್ಸ್ ಕಣ್ಣಿಂದ ನೋಡಿದರೆ ಗೇಲಿ ಮಾಡೋಕೇನೂ ಇಲ್ಲ. ಎರಡು ಕೈಯೂ ಒಂದೇ ಥರ ಚಲಿಸೋದ್ರಿಂದ ಚೆಂಡು ಎಡಕ್ಕೋ ಬಲಕ್ಕೋ ವಾಲೋದು ಕಡಿಮೆ. ಹಿಮ್ಮುಖವಾಗಿ ತಿರುಗುತ್ತಾ ಮೆತ್ತಗೆ ಇಳಿಯೋದ್ರಿಂದ ರಿಂಗಿಗೆ ತಗುಲಿದರೂ ದೂರ ಚಿಮ್ಮದೆ ಒಳಗೆ ಬೀಳೋ ಸಾಧ್ಯತೆ ಹೆಚ್ಚು.

ಫಲಿತಾಂಶ? ಆ ವರ್ಷ ಶೇ. 61.3. ಅವನ ಇಡೀ ವೃತ್ತಿಜೀವನದಲ್ಲೇ ಅತ್ಯುತ್ತಮ. 1962ರ ಮಾರ್ಚ್ 2ರಂದು ಹರ್ಷೀ ಪಟ್ಟಣದಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ಒಬ್ಬನೇ 100 ಅಂಕ ಹೊಡೆದ. ಆ ದಾಖಲೆ ಇವತ್ತಿಗೂ ಮುರಿದಿಲ್ಲ. ಅವತ್ತು 32 ಫ್ರೀ ಥ್ರೋಗಳಲ್ಲಿ 28 ಒಳಗೆ!

ಇಷ್ಟಾದ ಮೇಲೂ ವಿಲ್ಟ್ ಆ ಎಸೆತವನ್ನು ಕೈಬಿಟ್ಟ. ಕಾರಣ ನಾಚಿಕೆ. ಹಾಗೆ ಎಸೆಯುವಾಗ ಪೆದ್ದನ ಹಾಗೆ, ಗಂಡಸಲ್ಲದವನ ಹಾಗೆ ಕಾಣ್ತೀನಿ ಅನ್ನಿಸುತ್ತಿತ್ತಂತೆ. ತಾನು ಮಾಡಿದ್ದು ತಪ್ಪು ಅಂತ ಮುಂದೆ ಆತ್ಮಕತೆಯಲ್ಲಿ ಒಪ್ಪಿಕೊಂಡ. ಗೊತ್ತಿದ್ದೂ ಮಾಡೋಕಾಗಲಿಲ್ಲ, ಅಷ್ಟೇ.

ಆ ನಾಚಿಕೆಯ ಬೆಲೆ ಎಷ್ಟು? 1967–68ರಲ್ಲಿ 932 ಫ್ರೀ ಥ್ರೋ ಎಸೆದ, ಒಳಗೆ ಬಿದ್ದದ್ದು 354. ಅಂದ್ರೆ ಶೇ. 38. ಹಳೆಯ 61.3ರ ಲೆಕ್ಕ ಹಾಕಿದರೆ ಒಂದೇ ಸೀಸನ್ನಿನಲ್ಲಿ 217 ಅಂಕ ಹೋಯ್ತು. 1969ರ ಫೈನಲ್ಸ್‌ನ ಏಳನೇ ಪಂದ್ಯದಲ್ಲಿ ಅವನಿದ್ದ ಲಾಸ್ ಏಂಜಲೀಸ್ ಲೇಕರ್ಸ್ ತಂಡ ಬಾಸ್ಟನ್‌ಗೆ 106–108ರಿಂದ ಸೋತಿತು. ಎರಡೇ ಅಂಕ. ಅವತ್ತು ವಿಲ್ಟ್‌ನ 13 ಫ್ರೀ ಥ್ರೋಗಳಲ್ಲಿ ಒಂಬತ್ತು ಹೊರಗೆ.

ಅದೇ ಕಾಲದಲ್ಲಿ ರಿಕ್ ಬ್ಯಾರಿ ಎಂಬ ಆಟಗಾರನಿದ್ದ. ಹೈಸ್ಕೂಲಲ್ಲಿದ್ದಾಗ ಅಪ್ಪ ಈ ಎಸೆತ ಕಲಿಸೋಕೆ ಬಂದರೆ ಅವನಿಗೂ ಜನ ನಗ್ತಾರೆ ಅನ್ನೋ ಭಯ. ಕೊನೆಗೆ ಅಪ್ಪನ ಮಾತು ಕೇಳಿದ. ಎಸೆದ ಹತ್ತರಲ್ಲಿ ಸುಮಾರು ಒಂಬತ್ತು ಒಳಗೆ ಹಾಕುತ್ತಾ ಇಡೀ ವೃತ್ತಿಜೀವನ ಕಳೆದ.

ಹಾಗಂತ ವಿಲ್ಟ್ ಸೋತವನಲ್ಲ. 1967ರಲ್ಲಿ, ಮತ್ತೆ 1972ರಲ್ಲಿ ಚಾಂಪಿಯನ್ ತಂಡದಲ್ಲಿದ್ದ. 1973ರಲ್ಲಿ ಆಟ ನಿಲ್ಲಿಸಿದಾಗ ಖಾತೆಯಲ್ಲಿ 31,419 ಅಂಕಗಳಿದ್ದವು. ಜೊತೆಗೆ ತಪ್ಪಿಹೋದ 5,805 ಫ್ರೀ ಥ್ರೋಗಳೂ ಇದ್ದವು. 1999ರ ಅಕ್ಟೋಬರ್ 12ರಂದು, 63ನೇ ವಯಸ್ಸಿನಲ್ಲಿ, ಲಾಸ್ ಏಂಜಲೀಸಿನ ಮನೆಯಲ್ಲಿ ತೀರಿಕೊಂಡ.

ಆಳೆತ್ತರದ ಎದುರಾಳಿಗಳಿಗೆ ಹೆದರದವನು 'ನಾಲ್ಕು ಜನ ಏನಂತಾರೋ' ಅನ್ನೋದಕ್ಕೆ ಹೆದರಿದ. ನಾವೇನು ಕಮ್ಮಿ? ಕ್ಲಾಸಲ್ಲಿ ಡೌಟ್ ಕೇಳೋಕೆ ಕೈ ಎತ್ತದೇ ಕೂತ ದಿನಗಳನ್ನ ಎಣಿಸಿದರೆ ಸಾಕು. ಸಂಜೆ ಕೋರ್ಟಿಗೆ ಹೋದಾಗ ಹತ್ತು ಹಾಗೆ, ಹತ್ತು ಹೀಗೆ ಎಸೆದು ನೋಡಿ. ನಗೋರು ನಗಲಿ, ನೀವು ಒಳಗೆ ಬಿದ್ದದ್ದನ್ನ ಎಣಿಸಿ.