ಕ್ಷ-ಕಿರಣ ಸೇವಾವ್ರತೆ ಮೇಡಂ ಕ್ಯೂರಿ

ಪಾಂಡಿತ್ಯಕ್ಕೆ ಎರಡು ಪರೀಕ್ಷೆಗಳುಂಟು. ಒಂದು ವಿದ್ವತ್ಸಭೆಯಲ್ಲಿ ನಡೆಯತಕ್ಕದ್ದು. ಇನ್ನೊಂದು ಆರ್ತರ ಹಾಸಿಗೆಯ ಬಳಿಯಲ್ಲಿ ನಡೆಯತಕ್ಕದ್ದು. ಮೊದಲನೆಯದರಲ್ಲಿ ಉತ್ತೀರ್ಣರಾಗಿ ಕೀರ್ತಿ ಪಡೆದವರು ಅನೇಕರು. ಎರಡನೆಯದಕ್ಕೆ ತಾವಾಗಿಯೇ ಹೋಗಿ ನಿಂತವರು ವಿರಳ. ಎರಡು ಬಾರಿ ನೊಬೆಲ್ ಪಾರಿತೋಷಕ ಪಡೆದ ಮೇಡಂ ಕ್ಯೂರಿಯವರು ಆ ವಿರಳರ ಸಾಲಿಗೆ ಸೇರಿದವರು. ರೇಡಿಯಂ ಧಾತುವನ್ನು ಕಂಡುಹಿಡಿದ ವಿಜ್ಞಾನಿಯೆಂದು ಅವರನ್ನು ಲೋಕವೆಲ್ಲ ಬಲ್ಲದು. ಆದರೆ ಯುದ್ಧಕಾಲದ ಆಸ್ಪತ್ರೆಗಳಲ್ಲಿ ಕ್ಷ-ಕಿರಣ ಯಂತ್ರದ ಪಕ್ಕದಲ್ಲಿ ಶಸ್ತ್ರವೈದ್ಯರ ಸಹಾಯಕಿಯಾಗಿ ಅವರು ನಿಂತ ವರ್ಷಗಳ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಅವರ ಜನ್ಮನಾಮ ಮಾರಿಯಾ ಸ್ಕ್ಲೊಡೊವ್‌ಸ್ಕಾ. 1867ನೆಯ ಇಸವಿ ನವೆಂಬರ್ 7ರಂದು ಪೋಲೆಂಡಿನ ವಾರ್ಸಾ ನಗರದಲ್ಲಿ ಜನಿಸಿದರು. ತಂದೆ ಗಣಿತ ಮತ್ತು ಭೌತವಿಜ್ಞಾನಗಳ ಉಪಾಧ್ಯಾಯರು. ಹತ್ತನೆಯ ವಯಸ್ಸಿನಲ್ಲಿಯೇ ಕ್ಷಯರೋಗದಿಂದ ತಾಯಿಯನ್ನು ಕಳೆದುಕೊಂಡ ಬಾಲಕಿ ಬಡತನದಲ್ಲಿ ಬೆಳೆದಳು. ಅಕ್ಕ ಬ್ರೋನ್ಯಾ ಪ್ಯಾರಿಸಿನಲ್ಲಿ ವೈದ್ಯಶಾಸ್ತ್ರ ಕಲಿಯಲೆಂದು ತಾನು ಪರರ ಮನೆಯ ಮಕ್ಕಳಿಗೆ ಪಾಠ ಹೇಳುತ್ತ, ಸಂಪಾದನೆಯಲ್ಲಿ ಒಂದು ಪಾಲನ್ನು ಕಳುಹಿಸುತ್ತಿದ್ದಳು. 1891ರಲ್ಲಿ ತಾನೂ ಪ್ಯಾರಿಸ್ ಸೇರಿ, 1893ರಲ್ಲಿ ಭೌತವಿಜ್ಞಾನದಲ್ಲಿಯೂ ಮರುವರ್ಷ ಗಣಿತದಲ್ಲಿಯೂ ಪದವಿ ಗಳಿಸಿದಳು. 1895ರಲ್ಲಿ ಪಿಯರ್ ಕ್ಯೂರಿಯವರೊಡನೆ ವಿವಾಹವಾಯಿತು.

ಅದೇ ವರ್ಷದ ನವೆಂಬರಿನಲ್ಲಿ ಜರ್ಮನಿಯ ರಾಂಟ್‌ಜನ್ ಮಹಾಶಯರು ಅಗೋಚರವಾದ ಒಂದು ಕಿರಣವನ್ನು ಕಂಡುಹಿಡಿದರು. ಅದು ಮಾಂಸವನ್ನು ಹಾದುಹೋಗುತ್ತಿತ್ತು. ಎಲುಬಿನಲ್ಲಿಯೂ ಲೋಹದಲ್ಲಿಯೂ ತಡೆಯಲ್ಪಡುತ್ತಿತ್ತು. ಸ್ವರೂಪ ಅಜ್ಞಾತವಾಗಿದ್ದುದರಿಂದ ಬೀಜಗಣಿತದ ಅಜ್ಞಾತರಾಶಿಯ ಹೆಸರೇ ಅದಕ್ಕೆ ಬಂದಿತು. ನಾವು ಅದನ್ನು ಕ್ಷ-ಕಿರಣವೆನ್ನುತ್ತೇವೆ. ಕ್ಯೂರಿ ದಂಪತಿಗಳು ಹಿಡಿದ ದಾರಿ ಬೇರೆ. ಅವರು 1898ರಲ್ಲಿ ಪೊಲೋನಿಯಂ ಮತ್ತು ರೇಡಿಯಂ ಧಾತುಗಳನ್ನು ಲೋಕಕ್ಕೆ ಸಾರಿದರು. 1903ರಲ್ಲಿ ನೊಬೆಲ್ ಗೌರವ ದೊರೆಯಿತು. 1906ರಲ್ಲಿ ಪಿಯರ್ ಅವರು ಪ್ಯಾರಿಸಿನ ಬೀದಿಯಲ್ಲಿ ಕುದುರೆಗಾಡಿಗೆ ಸಿಕ್ಕಿ ಅಸುನೀಗಿದರು. ಇಬ್ಬರು ಹೆಣ್ಣುಮಕ್ಕಳ ಭಾರವನ್ನು ಹೊತ್ತ ವಿಧವೆ, ಪತಿಯ ಪೀಠದಲ್ಲಿಯೇ ನಿಂತು ಬೋಧಿಸಿದರು. 1911ರಲ್ಲಿ ಎರಡನೆಯ ನೊಬೆಲ್ ಪಾರಿತೋಷಕವೂ ಅವರನ್ನು ಅರಸಿಕೊಂಡು ಬಂದಿತು.

1914ರ ಆಗಸ್ಟಿನಲ್ಲಿ ಮಹಾಯುದ್ಧದ ಕಿಚ್ಚು ಹೊತ್ತಿತು. ಪ್ಯಾರಿಸಿನಲ್ಲಿ ಅವರಿಗಾಗಿ ನಿರ್ಮಾಣವಾಗಿದ್ದ ರೇಡಿಯಂ ಸಂಸ್ಥೆಯ ತರುಣರೆಲ್ಲ ಸೈನ್ಯಕ್ಕೆ ಹೊರಟುಹೋದರು. ಕ್ಯೂರಿಯವರು ಅಮೂಲ್ಯವಾದ ಒಂದು ಗ್ರಾಂ ರೇಡಿಯಂ ಅನ್ನು ಸೀಸದ ಪೆಟ್ಟಿಗೆಯಲ್ಲಿಟ್ಟು, ರೈಲಿನಲ್ಲಿ ಬೋರ್ಡೋ ನಗರಕ್ಕೆ ತಾವೇ ಒಯ್ದು ಭದ್ರಪಡಿಸಿ ಮರಳಿದರು. ಎರಡನೆಯ ಪಾರಿತೋಷಕದ ಹಣವನ್ನು ಯುದ್ಧಸಾಲದ ಪತ್ರಗಳಲ್ಲಿ ತೊಡಗಿಸಿದರು. ಚಿನ್ನದ ಪದಕಗಳನ್ನೂ ಕರಗಿಸಲು ಕೊಡಹೋದಾಗ ಬ್ಯಾಂಕಿನವರು ಅದಕ್ಕೆ ಸಮ್ಮತಿಸಲಿಲ್ಲ.

ಆದರೆ ಅವರ ಮನಸ್ಸನ್ನು ಕಲಕಿದ್ದು ಇನ್ನೊಂದು ಸಂಗತಿ. ರಣರಂಗದಲ್ಲಿ ಬಿದ್ದ ಯೋಧರ ಶರೀರದಲ್ಲಿ ಗುಂಡು, ಸಿಡಿಚೂರುಗಳು ಎಲ್ಲಿ ಅಡಗಿವೆಯೆಂದು ತಿಳಿಯದೆ ಶಸ್ತ್ರವೈದ್ಯರು ಅಂದಾಜಿನಿಂದ ಕತ್ತಿಯಾಡಿಸಬೇಕಾಗಿತ್ತು. ಕ್ಷ-ಕಿರಣ ಯಂತ್ರಗಳು ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿದ್ದವು. ಗಾಯಾಳುವನ್ನು ಯಂತ್ರದ ಬಳಿಗೆ ಒಯ್ಯಲು ವೇಳೆಯಿಲ್ಲದಿದ್ದರೆ ಯಂತ್ರವನ್ನೇ ಗಾಯಾಳುವಿನ ಬಳಿಗೆ ಒಯ್ಯಬೇಕೆಂದು ಅವರು ನಿಶ್ಚಯಿಸಿದರು. ಪ್ರಯೋಗಶಾಲೆಗಳಲ್ಲಿ ಬಿದ್ದಿದ್ದ ಉಪಕರಣಗಳನ್ನು ಕಲೆಹಾಕಿದರು. ಸಿರಿವಂತರಿಂದ ಮೋಟಾರು ಕಾರುಗಳನ್ನು ಬೇಡಿ ತಂದರು. ಹೀಗೆ ಸಜ್ಜಾದ ಇಪ್ಪತ್ತು ಕಾರುಗಳನ್ನು ಜನರು ಪುಟ್ಟ ಕ್ಯೂರಿಗಳೆಂದು ಪ್ರೀತಿಯಿಂದ ಕರೆದರು.

ಕಾರು ಆಸ್ಪತ್ರೆಗೆ ಬಂದೊಡನೆ ಕೆಲಸ ಆರಂಭವಾಗುತ್ತಿತ್ತು. ಒಂದು ಕೋಣೆಯನ್ನು ಆರಿಸಿ, ಕಿಟಕಿಗಳಿಗೆ ಕಪ್ಪು ಪರದೆ ಕಟ್ಟಿ ಕತ್ತಲೆ ಮಾಡುವುದು; ಪೆಟ್ಟಿಗೆಗಳನ್ನು ಇಳಿಸಿ ಯಂತ್ರವನ್ನು ಜೋಡಿಸುವುದು; ಕಾರಿನ ಎಂಜಿನ್ನಿನಿಂದ ತಿರುಗುವ ಡೈನಮೊ ಯಂತ್ರದ ವಿದ್ಯುತ್ತನ್ನು ತಂತಿಯ ಮೂಲಕ ಒಳಗೆ ತರುವುದು; ಗಾಜಿನ ನಳಿಗೆಯನ್ನು ಪರೀಕ್ಷಿಸುವುದು; ಛಾಯಾಫಲಕಗಳನ್ನು ಸಿದ್ಧವಾಗಿಡುವುದು. ಇದೆಲ್ಲವೂ ಅರ್ಧ ಗಂಟೆಯಲ್ಲಿ ಮುಗಿಯಬೇಕು. ಅನಂತರ ಗಾಯಾಳುಗಳು ಒಬ್ಬರ ಹಿಂದೊಬ್ಬರಾಗಿ ಬರುತ್ತಿದ್ದರು. ಒಂದೇ ಚಿತ್ರದಿಂದ ಗುಂಡು ಎಷ್ಟು ಆಳದಲ್ಲಿದೆಯೆಂದು ತಿಳಿಯದು. ನಳಿಗೆಯನ್ನು ಸರಿಸಿ ಎರಡು ಕೋನಗಳಿಂದ ನೋಡಿ, ರೇಖಾಗಣಿತದಿಂದ ಆಳವನ್ನು ಕಂಡುಹಿಡಿಯಬೇಕಾಗಿತ್ತು. ಆ ವಿಚಿತ್ರ ಯಂತ್ರವನ್ನು ಕಂಡು ನೋವಾಗುವುದೇನೋ ಎಂದು ಅಳುಕುತ್ತಿದ್ದ ಯೋಧರಿಗೆ, ಇದು ಭಾವಚಿತ್ರ ತೆಗೆಯುವುದಕ್ಕಿಂತ ಹೆಚ್ಚಿನದೇನಲ್ಲವೆಂದು ಕ್ಯೂರಿಯವರೇ ಧೈರ್ಯ ತುಂಬುತ್ತಿದ್ದರು.

ಈ ಸೇವೆಗಾಗಿ ಅವರು ನಡುವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿನಿಯಾದರು. ಅಂಗರಚನಾಶಾಸ್ತ್ರವನ್ನು ಓದಿದರು. ಕಾರು ನಡೆಸುವುದನ್ನು ಕಲಿತು 1916ರಲ್ಲಿ ಪರವಾನಗಿ ಪಡೆದರು. ಚಕ್ರ ಬದಲಿಸುವ ಕೆಲಸವನ್ನೂ ಕೀಳೆಂದು ಎಣಿಸಲಿಲ್ಲ. ಒಮ್ಮೆ ಕಾರು ಮಗುಚಿ ಪೆಟ್ಟಿಗೆಗಳು ಮೈಮೇಲೆ ಉರುಳಿದವು. ಆ ಗಾಯದ ವಿಷಯವನ್ನು ಮನೆಯ ಮಕ್ಕಳಿಗೂ ತಿಳಿಸದೆ ಕೆಲಸಕ್ಕೆ ಮರಳಿದರು.

ಹಿರಿಯ ಮಗಳು ಐರೀನ್ ಹದಿನೇಳರ ಪ್ರಾಯದಲ್ಲಿಯೇ ತಾಯಿಯ ಸಹಾಯಕಿಯಾದಳು. ಹದಿನೆಂಟು ತುಂಬಿದ ಮೇಲೆ ಬೆಲ್ಜಿಯಂ ದೇಶದ ಯುದ್ಧರಂಗಕ್ಕೆ ಸಮೀಪದ ಆಸ್ಪತ್ರೆಯೊಂದರ ಕ್ಷ-ಕಿರಣ ಕೇಂದ್ರದ ಹೊಣೆಯನ್ನು ಅವಳೊಬ್ಬಳೇ ನಿರ್ವಹಿಸಿದಳು. ಚಿತ್ರವು ತೋರಿಸಿದ ಸ್ಥಾನವನ್ನು ನಂಬದ ಹಿರಿಯ ವೈದ್ಯರಿಗೆ ಆ ಹುಡುಗಿ ರೇಖಾಗಣಿತವನ್ನು ತಾಳ್ಮೆಯಿಂದ ವಿವರಿಸಬೇಕಾಗುತ್ತಿತ್ತು.

ಯಂತ್ರಗಳು ಹೆಚ್ಚಿದಂತೆ ಅವುಗಳನ್ನು ನಡೆಸುವ ಕೈಗಳು ಸಾಲದೆ ಹೋದವು. 1916ರಿಂದ ರೇಡಿಯಂ ಸಂಸ್ಥೆಯಲ್ಲಿಯೇ ಸ್ತ್ರೀಯರಿಗೆ ತರಬೇತಿ ಆರಂಭವಾಯಿತು. ವಿದ್ಯುತ್ತು, ಕ್ಷ-ಕಿರಣ, ಅಂಗರಚನೆ ಈ ಮೂರರ ಪಾಠಗಳೂ ಯಂತ್ರದ ಮೇಲಣ ಅಭ್ಯಾಸವೂ ನಡೆಯುತ್ತಿದ್ದವು. ಸುಮಾರು 150 ಮಂದಿ ಅಲ್ಲಿಂದ ಹೊರಬಿದ್ದರು. ಹಿಂದೆ ಮನೆಗೆಲಸ ಮಾಡಿಕೊಂಡಿದ್ದ ಒಬ್ಬಾಕೆ ತನ್ನ ಮೊದಲ ಛಾಯಾಫಲಕವನ್ನು ಸೊಗಸಾಗಿ ಸಂಸ್ಕರಿಸಿ ತೋರಿಸಿದಾಗ, ಕ್ಯೂರಿಯವರು ಅದು ತಮ್ಮದೇ ಗೆಲುವೆಂಬಂತೆ ಹರ್ಷಿಸಿದರಂತೆ. ಗುರುವಾದವರ ದೊಡ್ಡತನ ಇಲ್ಲಿದೆ. ಕಾರುಗಳಲ್ಲದೆ ಆಸ್ಪತ್ರೆಗಳಲ್ಲಿ ಸುಮಾರು 200 ಸ್ಥಿರ ಕೇಂದ್ರಗಳನ್ನೂ ಅವರು ಸ್ಥಾಪಿಸಿದರು. ಈ ಎಲ್ಲ ಕೇಂದ್ರಗಳಿಂದ ಪ್ರಯೋಜನ ಪಡೆದ ಗಾಯಾಳುಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿತು. ಆ ಅನುಭವವನ್ನೆಲ್ಲ ಅವರು 1921ರಲ್ಲಿ ಒಂದು ಗ್ರಂಥವಾಗಿ ಪ್ರಕಟಿಸಿದರು.

ಈ ಸೇವೆಗೆ ತೆತ್ತ ಬೆಲೆಯನ್ನು ಮರೆಮಾಚುವುದು ಸಲ್ಲದು. ಕ್ಷ-ಕಿರಣವು ಶರೀರಕ್ಕೆ ಕೇಡು ಮಾಡಬಲ್ಲದೆಂಬುದು ಆ ಹೊತ್ತಿಗೆ ಅಪರಿಚಿತವಾಗಿರಲಿಲ್ಲ. ಅಮೆರಿಕದ ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಇದೇ ಕಿರಣಗಳ ಪ್ರಯೋಗದಿಂದ ಕೈಗಳನ್ನು ಕಳೆದುಕೊಂಡು 1904ರಲ್ಲಿಯೇ ಮಡಿದಿದ್ದರು. ಆದರೂ ಯುದ್ಧದ ಅವಸರದಲ್ಲಿ ಸಾಕಷ್ಟು ರಕ್ಷಣೆ ಇರಲಿಲ್ಲ. ತಮ್ಮ ವಿಷಯದಲ್ಲಿಯಂತೂ ಕ್ಯೂರಿಯವರು ಆ ಅಪಾಯವನ್ನು ಕಡೆಯವರೆಗೂ ಲಘುವಾಗಿಯೇ ಎಣಿಸಿದರು. ಮಹಾತ್ಮರಲ್ಲಿಯೂ ಇಂಥ ಉಪೇಕ್ಷೆ ಇರುತ್ತದೆ, ಅದು ಅನುಕರಣೀಯವಲ್ಲ. 1934ನೆಯ ಇಸವಿ ಜುಲೈ 4ರಂದು ರಕ್ತ ಉತ್ಪತ್ತಿಯಾಗದ ರೋಗದಿಂದ ಅವರು ಕಾಲವಾದರು. 1995ರಲ್ಲಿ ಅವರ ಪಾರ್ಥಿವ ಅವಶೇಷಗಳನ್ನು ಪ್ಯಾರಿಸಿನ ಪಾಂಥಿಯಾನ್ ಸ್ಮಾರಕಕ್ಕೆ ಸ್ಥಳಾಂತರಿಸುವಾಗ ಪರೀಕ್ಷಿಸಿದ ತಜ್ಞರು, ರೋಗಕ್ಕೆ ರೇಡಿಯಂಗಿಂತಲೂ ಯುದ್ಧಕಾಲದ ಕ್ಷ-ಕಿರಣವೇ ಕಾರಣವಾಗಿದ್ದಿರಬಹುದೆಂದು ಅಭಿಪ್ರಾಯಪಟ್ಟರು. 1935ರಲ್ಲಿ ಪತಿಯೊಡನೆ ನೊಬೆಲ್ ಪಾರಿತೋಷಕ ಪಡೆದ ಐರೀನ್ 1956ರಲ್ಲಿ ರಕ್ತದ ಕ್ಯಾನ್ಸರಿಗೆ ತುತ್ತಾದರು.

1936ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಆಸ್ಪತ್ರೆಯೊಂದರ ಆವರಣದಲ್ಲಿ, ಈ ಕಿರಣಗಳಿಗೆ ಬಲಿಯಾದವರ ನೆನಪಿಗಾಗಿ ಒಂದು ಶಿಲಾಸ್ತಂಭವನ್ನು ನಿಲ್ಲಿಸಲಾಯಿತು. ಅಂದು ಅದರಲ್ಲಿ 169 ಹೆಸರುಗಳು ಕೆತ್ತಲ್ಪಟ್ಟಿದ್ದವು. ವೈದ್ಯರು, ವಿಜ್ಞಾನಿಗಳ ಜೊತೆಗೆ ದಾದಿಯರ, ಸಹಾಯಕರ ಹೆಸರುಗಳೂ ಅಲ್ಲಿವೆ. ಇಂದು ಆಸ್ಪತ್ರೆಯ ಕ್ಷ-ಕಿರಣ ವಿಭಾಗದಲ್ಲಿ ದುಡಿಯುವವರಿಗೆ ಸೀಸದ ಹೊದಿಕೆಯುಂಟು. ಮೈಗೆ ತಾಗಿದ ಕಿರಣವನ್ನು ಅಳೆಯಲು ಎದೆಯ ಮೇಲೆ ಧರಿಸುವ ಪುಟ್ಟ ಬಿಲ್ಲೆಯುಂಟು. ಆ ರಕ್ಷಣೆಯ ಹಿಂದೆ ಎಷ್ಟೋ ಜೀವಗಳ ತ್ಯಾಗವಿದೆ.

ರೋಗಿಯನ್ನು ಮೆಲ್ಲನೆ ಹೊರಳಿಸಿ ಮಲಗಿಸುವವರ, ಅಲುಗದಿರೆಂದು ಹಿತವಾಗಿ ಹೇಳುವವರ, ಕತ್ತಲೆ ಕೋಣೆಯಲ್ಲಿ ಚಿತ್ರವನ್ನು ಮೂಡಿಸುತ್ತಿದ್ದವರ ಹೆಸರನ್ನು ರೋಗಿಯು ಕೇಳುವುದಿಲ್ಲ; ವೈದ್ಯರ ಹೆಸರನ್ನು ಮಾತ್ರ ನೆನಪಿಡುತ್ತಾನೆ. ಮೇಡಂ ಕ್ಯೂರಿಯವರು ಜಗತ್ತಿನ ಅತ್ಯುನ್ನತ ಗೌರವವನ್ನು ಎರಡು ಸಲ ಪಡೆದ ಮೇಲೆ ಆ ಹೆಸರಿಲ್ಲದ ಸಾಲಿನಲ್ಲಿ ಹೋಗಿ ನಿಂತರು. ನಮ್ಮ ಶಾಲೆಗಳಿಂದ ಹೊರಡುವ ಮಕ್ಕಳೆಲ್ಲರೂ ಪಾರಿತೋಷಕ ಪಡೆಯಲಾರರು. ಆದರೆ ಆ ಸಾಲಿನಲ್ಲಿ ನಿಲ್ಲುವ ಯೋಗ್ಯತೆಯನ್ನು ಎಲ್ಲರೂ ಪಡೆಯಬಹುದು. ಅದನ್ನು ಕಲಿಸಿಕೊಡುವ ವಿದ್ಯೆಯೇ ಸಾರ್ಥಕವಾದ ವಿದ್ಯೆ.