ಜೆತ್ರೋ ಬರ್ನ್ಸ್: ನಗೆಯ ಮರೆಯಲ್ಲಿದ್ದ ಮ್ಯಾಂಡೊಲಿನ್

ಮಕ್ಕಳೇ, ಶಿಕಾಗೋ ಪಕ್ಕದ ಇವಾನ್‌ಸ್ಟನ್ ಊರಿನಲ್ಲಿ ಜೆತ್ರೋ ಬರ್ನ್ಸ್ ಎಂಬ ಮ್ಯಾಂಡೊಲಿನ್ ವಾದಕರಿದ್ದರು. ಹುಟ್ಟಿದ್ದು 1920ರಲ್ಲಿ, ಟೆನೆಸಿ ರಾಜ್ಯದಲ್ಲಿ. ತೀರಿಕೊಂಡಿದ್ದು 1989ರಲ್ಲಿ, ಇದೇ ಇವಾನ್‌ಸ್ಟನ್‌ನಲ್ಲಿ.

ಮ್ಯಾಂಡೊಲಿನ್ ಎಂದೊಡನೆ ನಿಮ್ಮ ಮನೆಯ ಹಿರಿಯರು ಯು. ಶ್ರೀನಿವಾಸ್ ಅವರನ್ನು ನೆನೆಯುತ್ತಾರೆ. ಅವರು ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ಹೊರಡಿಸಿದರು. ಸಾಮಾನ್ಯ ಮ್ಯಾಂಡೊಲಿನ್‌ಗೆ ನಾಲ್ಕು ಜೋಡಿ, ಒಟ್ಟು ಎಂಟು ತಂತಿ, ಶ್ರುತಿ ಪಿಟೀಲಿನದೇ. ಅದರಲ್ಲಿ ಜೆತ್ರೋ ನುಡಿಸಿದ್ದು ಸ್ವಿಂಗ್ ಜಾಝ್. ತಾಳದ ಒಂದೊಂದು ಪೆಟ್ಟನ್ನೂ ಎರಡಾಗಿ ಒಡೆದು, ಮೊದಲರ್ಧವನ್ನು ತುಸು ಎಳೆದು, ಉಳಿದದ್ದನ್ನು ಗಿಡ್ಡ ಮಾಡಿದರೆ ನಡೆ ತೂಗತೊಡಗುತ್ತದೆ; ಅದೇ ಸ್ವಿಂಗ್. ಕೇಳುವವರ ಕಾಲು ತಾನಾಗಿ ಕುಣಿಯುತ್ತದೆ.

ಆದರೆ ಜನ ಅವರನ್ನು ಗುರುತಿಸಿದ್ದು ನಗೆಗಾರರೆಂದು. ಗೆಳೆಯ ಹೆನ್ರಿ ಹೇನ್ಸ್ ಜೊತೆ 'ಹೋಮರ್ ಅಂಡ್ ಜೆತ್ರೋ' ಎಂಬ ಜೋಡಿ ಕಟ್ಟಿ, ಹೆಸರಾದ ಹಾಡುಗಳಿಗೆ ತಮಾಷೆಯ ಸಾಹಿತ್ಯ ಹೊಸೆದು ಹಾಡುತ್ತಿದ್ದರು. 1959ರ 'ದಿ ಬ್ಯಾಟಲ್ ಆಫ್ ಕೂಕಾಮೊಂಗಾ'ಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಸಭೆ ನಗುವಿನಲ್ಲಿ ಮುಳುಗಿರುವಾಗ ಜೆತ್ರೋ ಬೆರಳುಗಳ ಕೆಲಸವನ್ನು ಗಮನಿಸಿದವರು ಕಡಿಮೆ. 1971ರಲ್ಲಿ 'ಹೋಮರ್' ಹೇನ್ಸ್ ತೀರಿಕೊಂಡ ಮೇಲೆ ಜೆತ್ರೋ ಪಾಠ ಹೇಳಿದರು, ಗಾಯಕ ಸ್ಟೀವ್ ಗುಡ್‌ಮನ್ ಜೊತೆ ಊರೂರು ತಿರುಗಿ ನುಡಿಸಿದರು.

ಅವರ ಶಿಷ್ಯರಲ್ಲೊಬ್ಬರು ಡಾನ್ ಸ್ಟೀರ್ನ್‌ಬರ್ಗ್. ಕೊನೆಯ ವರ್ಷಗಳಲ್ಲಿ ಗುರು ಈ ಶಿಷ್ಯನ ಜೊತೆ ಕೂತು ತಮ್ಮ ಮೆಚ್ಚಿನ ಹಳೆಯ ರಾಗಗಳನ್ನು ಧ್ವನಿಮುದ್ರಿಸಿದರು. ಅವು ಹೊರಬಂದದ್ದು ಗುರು ಹೋದ ಮೇಲೆ. ಮ್ಯಾಂಡೊಲಿನ್ ವಾದಕ ಡೇವಿಡ್ ಗ್ರಿಸ್‌ಮನ್ ತಮ್ಮ 'ಅಕೌಸ್ಟಿಕ್ ಡಿಸ್ಕ್' ಸಂಸ್ಥೆಯಿಂದ 'ಸ್ವಿಂಗ್ ಲೋ, ಸ್ವೀಟ್ ಮ್ಯಾಂಡೊಲಿನ್' (1995), 'ಬೈ ಬೈ ಬ್ಲೂಸ್' (1997) ಎಂಬ ಎರಡು ಆಲ್ಬಂ ತಂದರು.

ಇವನ್ನು ಕೇಳುವಾಗ ಒಂದು ಸಂಗತಿಗೆ ಕಿವಿಗೊಡಿ. ಮ್ಯಾಂಡೊಲಿನ್ ತಂತಿ ಮೀಟಿದ ಮರುಕ್ಷಣವೇ ನಾದ ಅಡಗುತ್ತದೆ. ಅದಕ್ಕೇ ಹಲವರು ಒಂದೇ ಸ್ವರವನ್ನು ಬಿಡದೆ ಮೀಟುತ್ತಾ ನಾದವನ್ನು ಉಳಿಸಿಕೊಳ್ಳುತ್ತಾರೆ. ಜೆತ್ರೋ ಇನ್ನೊಂದು ದಾರಿ ಹಿಡಿದರು: ಮೇಲಿನ ತಂತಿಯಲ್ಲಿ ರಾಗ, ಅದರಡಿಯಲ್ಲೇ ಎರಡು ಮೂರು ಸ್ವರ ಒಟ್ಟಿಗೆ ಮೊಳಗುವ ಕಾರ್ಡ್, ಎರಡೂ ಒಂದೇ ಮೀಟಿನಲ್ಲಿ. ಒಬ್ಬರೇ ನುಡಿಸಿದರೂ ಇಬ್ಬರು ನುಡಿಸಿದಂತೆ ಕೇಳುತ್ತದೆ.

ಈ ಆಲ್ಬಂಗಳಲ್ಲಿ ನಗೆಹಾಡಿಲ್ಲ, ಬರೀ ವಾದನ. ಬದುಕಿದ್ದಾಗ ಜನ ಅರೆಗಿವಿಯಲ್ಲಿ ಕೇಳಿದ್ದನ್ನು ನಾವೀಗ ಪೂರ್ತಿ ಕೇಳಬಹುದು. ಶಿಷ್ಯ ಜೊತೆಗೆ ಕೂತು ನುಡಿಸಿದ್ದರಿಂದಲೇ ಇದು ಉಳಿಯಿತು. ನೀವು ಸಂಗೀತ ಕಲಿಯುತ್ತಿದ್ದರೆ ನಿಮ್ಮ ಗುರುಗಳ ವಾದನವನ್ನೂ, ಅವರ ಒಪ್ಪಿಗೆ ಪಡೆದು, ಈಗಲೇ ಧ್ವನಿಮುದ್ರಿಸಿಡಿ.